ಅಸದುಲ್ಲಾನಿಗೆ ಸಿಕ್ಕ ಸೀಟು

ಚನ್ನಪಟ್ಟಣದ ರೈಲ್ವೆ ನಿಲ್ದಾಣದ ಹಿಂದೆ, ಎರಡು ಎಂಜಿನ್‌ಗಳು ನಿಲ್ಲುವಷ್ಟೇ ಜಾಗವಿದ್ದ ಒಂದು ಶೆಡ್ಡು ಇತ್ತೆಂದು ಆ ಕಡೆಯ ಹಿರಿಯರು ಹೇಳುತ್ತಾರೆ. ಶೆಡ್ಡಿನ ಬಗಲಲ್ಲಿ ನೀರಿನ ಕಂಬ, ಅದರಾಚೆ ಬೂದಿಗುಂಡಿ, ಅದನ್ನೂ ದಾಟಿದರೆ ಎಂಜಿನ್ ಮೇಲೆ ದುಡಿಯುವವರ ಒಂದು ಸಾಲು ಕ್ವಾರ್ಟರ್ಸು. ಕಲ್ಲಿದ್ದಲಿನ ಎಂಜಿನ್‌ಗಳು ಹೋಗಿ ಡೀಸೆಲ್ ಬಂದ ವರ್ಷ ಆ ಸಾಲಿನ ಕೊನೆಯ ಮನೆಯಲ್ಲಿ ನಡೆದುದನ್ನು ಇಬ್ಬರು ಇಂದಿಗೂ ಹೇಳುತ್ತಾರೆ. ಒಬ್ಬರು ಆ ಮನೆಯ ಸೊಸೆ ಮುಬಶ್ಶಿರಾ. ಇನ್ನೊಬ್ಬರು ಬೈರಾಪಟ್ಟಣದ ದಾಸಮ್ಮ. ಇಬ್ಬರ ಮಾತೂ ಕೂಡಿದ ಕಡೆ ಒಂದೇ ಎಳೆಯಾಗಿ ಬರೆದಿದೆ. ಕೂಡದ ಕಡೆ ಹಾಗೆಂದೇ ತಿಳಿಸಿದೆ. ಮನೆಯವರು ತಮ್ಮೊಳಗೆ ಆಡಿಕೊಂಡದ್ದು ಉರ್ದುವಿನಲ್ಲಿ. ಮುಬಶ್ಶಿರಾ ಅದನ್ನು ಊರಿನ ಕನ್ನಡದಲ್ಲಿ ಹೇಳಿದರು, ಇಲ್ಲಿಯೂ ಹಾಗೆಯೇ ಇದೆ.

ಮನೆಯ ಯಜಮಾನ ಅಸದುಲ್ಲಾ ಫೈರ್‌ಮನ್. ಚನ್ನಪಟ್ಟಣ ಬಿಟ್ಟಾಗಿನಿಂದ ಬೆಂಗಳೂರು ಮುಟ್ಟುವವರೆಗೂ ನಿಂತೇ ಇದ್ದು, ಸಲಿಕೆಯಲ್ಲಿ ಕಲ್ಲಿದ್ದಲು ತುಂಬಿ ಎಂಜಿನ್‌ನ ಬೆಂಕಿಗೆ ಎಸೆಯುವುದು ಅವನ ಕೆಲಸ. ಹೆಂಡತಿ ಗುಲ್ಜಾರ್ ಬೀಗೂ ಆ ಬೆಂಕಿಯಿಂದಲೇ ಸಂಪಾದನೆಯಿತ್ತು. ಎಂಜಿನ್‌ನಿಂದ ಗುಂಡಿಗೆ ಸುರಿದ ಬೂದಿಯಲ್ಲಿ ಅರೆಸುಟ್ಟ ಕಲ್ಲಿದ್ದಲು ಉಳಿಯುತ್ತಿತ್ತು. ಅದನ್ನು ಜರಡಿ ಹಿಡಿದು ಆರಿಸಿಕೊಳ್ಳಲು ಸಾಲಿನ ಹೆಂಗಸರು ತಮ್ಮತಮ್ಮಲ್ಲೇ ಪಾಳಿ ಮಾಡಿಕೊಂಡಿದ್ದರು. ಯಾವ ಕಚೇರಿಯೂ ಹಾಕಿಕೊಟ್ಟ ಪಾಳಿಯಲ್ಲ ಅದು. ಆದರೂ ಒಬ್ಬಳ ದಿನ ಇನ್ನೊಬ್ಬಳು ಗುಂಡಿಗೆ ಇಳಿದದ್ದಿಲ್ಲ. ಗುಲ್ಜಾರ್ ಬೀ ಆರಿಸಿದ್ದೆಲ್ಲ ಮೂಟೆಯಾಗಿ ರಾಮನಗರಕ್ಕೆ, ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರುಗಳ ಒಲೆಗೆ ಹೋಗುತ್ತಿತ್ತು. ಮಗಳು ಸಫೂರಾಳ ಕಾಲೇಜಿನ ಖರ್ಚು, ವಾರಕ್ಕೊಮ್ಮೆ ಮಾಂಸ, ಹಬ್ಬದ ಬಟ್ಟೆ ಎಲ್ಲವೂ ಅದರಲ್ಲೇ ನಡೆಯುತ್ತಿದ್ದವು. ಕೊಳ್ಳುವ ರೀಲರುಗಳಲ್ಲಿ ಶಾಹಬಾಜ್ ಎಂಬವನ ಮನೆಯಿಂದಲೇ ಮಗ ನಿಯಾಜ್‌ಗೆ ಹೆಣ್ಣು ತಂದಿದ್ದಳು. ಅವಳೇ ಶಾಹಬಾಜ್‌ನ ತಂಗಿ ಮುಬಶ್ಶಿರಾ. ನಿಯಾಜ್ ಬೊಂಬೆ ಕಾರ್ಖಾನೆಯಲ್ಲಿ ಮರ ಕಡೆಯುತ್ತಿದ್ದ.

ಡೀಸೆಲ್ ಎಂಜಿನ್ ಬಂದ ಮೇಲೆ ಫೈರ್‌ಮನ್‌ಗಳಿಗೆ ಒಂದಿಷ್ಟು ತರಬೇತಿ ಕೊಟ್ಟು ಅಸಿಸ್ಟೆಂಟ್ ಎಂದು ಮಾಡಿದರು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಸಿಗ್ನಲ್ ನೋಡಿ ಹೇಳಬೇಕು. ಮೊದಲ ದಿನ ಅಸದುಲ್ಲಾ ಮಧ್ಯಾಹ್ನ ಮನೆಗೆ ಬಂದಾಗ ಗುಲ್ಜಾರ್ ಬೀ ಎಂದಿನಂತೆ ಬಚ್ಚಲಲ್ಲಿ ಬಿಸಿನೀರು ತೋಡಿಟ್ಟಿದ್ದಳು. ಮಸಿ ಹತ್ತದ ಅವನ ಅಂಗಿ ನೋಡಿ ಚೊಂಬು ಕೆಳಗಿಟ್ಟಳು.

"ಇವತ್ತು ಡ್ಯೂಟಿ ಇರ್ಲಿಲ್ವ?"

"ಇತ್ತು."

"ಮತ್ತೆ ಹೋದಂಗೇ ಬಂದಿದೀರಿ."

"ಕೂರುಸ್ತಾರೆ ಕಣೆ. ಹೋಗೋವಾಗ್ಲೂ ಕುಂತಿರು, ಬರೋವಾಗ್ಲೂ ಕುಂತಿರು."

ಸಫೂರಾ ಪುಸ್ತಕದಿಂದ ತಲೆಯೆತ್ತಿದಳು. "ಕುಂತು ಸಂಬ್ಳ ತಗಳೋಕೆ ಜನ ಅರ್ಜಿ ಹಾಕ್ಕಂಡು ಕಾಯ್ತವ್ರೆ ಅಬ್ಬಾ."

"ಅವ್ರನ್ನೇ ಕರ್ಕಂಬಂದು ಕೂರ್ಸು."

ಊಟ ಮಾಡಿದ. ತಟ್ಟೆ ತಾನೇ ತೊಳೆದ. ಆಮೇಲೆ ಹಿತ್ತಲಿಗೆ ಹೋಗಿ ಇದ್ದ ಸೌದೆಯನ್ನೆಲ್ಲ ಒಡೆದ. ಮಾರನೆಯ ದಿನ ಪಕ್ಕದ ಮನೆಯವರದನ್ನೂ ಒಡೆದುಕೊಟ್ಟ. ಮೂರನೆಯ ದಿನ ಅಕ್ಕಿ ಡಬ್ಬವನ್ನು ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ. ಗುಲ್ಜಾರ್ ಬೀ ಅದನ್ನು ಮತ್ತೆ ಈ ಮೂಲೆಗೆ ತಂದಳು. ವಾರ ಕಳೆಯುವಷ್ಟರಲ್ಲಿ ಅಂಗಳ ಅಗೆದು, ಗೋಡೆಗೆ ಸುಣ್ಣ ಹೊಡೆದು, ಚೆನ್ನಾಗಿದ್ದ ಕೋಳಿಗೂಡನ್ನು ಬಿಚ್ಚಿ ಮತ್ತೆ ಕಟ್ಟಿದ್ದ. ಒಂದು ಮೂಲೆಯಲ್ಲಿ ಅವನಿದ್ದರೆ ಮನೆಯಲ್ಲಿ ಜಾಗವಿರುತ್ತಿತ್ತು. ಈಗ ಎಲ್ಲ ಮೂಲೆಯಲ್ಲೂ ಅವನೇ ಇದ್ದಾನೆಂದು ಮುಬಶ್ಶಿರಾಳಿಗೆ ಅನ್ನಿಸುತ್ತಿತ್ತಂತೆ.

ಎರಡನೆಯ ವಾರ ಅವನ ಕೈ ಒಲೆಯ ಮೇಲೆ ಬಿತ್ತು. ಗುಲ್ಜಾರ್ ಬೀ ಅನ್ನಕ್ಕಿಟ್ಟು ನೀರಿಗೆ ಹೋಗಿ ಬರುವಷ್ಟರಲ್ಲಿ, ಅವನು ಒಲೆಯ ಮುಂದೆ ಬಗ್ಗಿ ಕಡ್ಡಿಯಲ್ಲಿ ಕೆಂಡ ಹರಡುತ್ತಿದ್ದ.

"ಏನ್ ಮಾಡ್ತಿದೀರಿ?"

"ಬೆಂಕಿ ಹಿಂಗೆ ಗುಡ್ಡೆ ಹಾಕುದ್ರೆ ದಂಡ. ನಡೂಗೆ ತೆಳ್ಳಗಿರ್ಬೇಕು, ಅಂಚಿಗೆ ದಪ್ಪ. ಆಗ ಒಂದೇ ಸಮ ಉರೀತದೆ."

ಅನ್ನ ಒಂದೇ ಸಮವಾಗಿ ತಳ ಹಿಡಿಯಿತು. ಕಾರ್ಖಾನೆಯಿಂದ ಊಟಕ್ಕೆ ಬಂದ ನಿಯಾಜ್ ಒಂದು ತುತ್ತು ಬಾಯಿಗಿಟ್ಟು ತಾಯಿಯ ಮುಖ ನೋಡಿದ.

"ನನ್ನೇನ್ ನೋಡ್ತೀಯ, ನಿಮ್ಮಬ್ಬಾನ್ನ ಕೇಳು," ಎಂದಳು ಗುಲ್ಜಾರ್ ಬೀ. ಗಂಡನ ಕಡೆ ತಿರುಗಿದಳು. "ಇದು ಒಲೆ. ಬಾಯ್ಲರ್ ಅಲ್ಲ. ಇದು ಬೆಂಗ್ಳೂರಿಗೆ ಹೋಗಾಕಿಲ್ಲ."

ಸಫೂರಾ ನಕ್ಕಳು. ಅಸದುಲ್ಲಾ ನಗಲಿಲ್ಲ. ಸೀದ ಅನ್ನವನ್ನೇ ಎರಡು ಸಲ ಹಾಕಿಸಿಕೊಂಡು ತಿಂದ.

ಗುಲ್ಜಾರ್ ಬೀಯ ಸಿಡುಕಿಗೆ ಇನ್ನೊಂದು ಕಾರಣವೂ ಇತ್ತು. ಬೂದಿಗುಂಡಿಗೆ ಜಲ್ಲಿ ತುಂಬಿ ಮುಚ್ಚಿದ್ದರು. ಹೆಂಗಸರ ಪಾಳಿ ಹಾಗೆಯೇ ನಿಂತುಹೋಯಿತು. ಜರಡಿಯನ್ನು ಗೋಡೆಗೆ ನೇತುಹಾಕಿ, ಮಾಂಸದ ವಾರವನ್ನು ಹದಿನೈದು ದಿನಕ್ಕೆ ಮಾಡಿ, ಅವಳು ಗಂಡನ ಸಂಬಳವೊಂದನ್ನೇ ನೆಚ್ಚಿ ಮನೆ ನಡೆಸತೊಡಗಿದ್ದಳು.

ಆ ಸಂಬಳಕ್ಕೂ ಅಪಾಯವಿದೆ ಎಂದು ಹೇಳಲು ಒಂದು ಭಾನುವಾರ ಗಂಗಹನುಮಯ್ಯ ಬಂದ. ಅಸದುಲ್ಲಾನ ಎಂಜಿನ್ನಿನ ಡ್ರೈವರ್ ಅವನೇ. ಬೈರಾಪಟ್ಟಣದಲ್ಲಿ ಒಂದಿಷ್ಟು ಹೊಲ, ಕುರಿ ಇದ್ದವು. ಇನ್ನು ಐದು ತಿಂಗಳಿಗೆ ನಿವೃತ್ತಿ. ದಾಸಮ್ಮ ಅವನ ಹೆಂಡತಿ. ಎರಡು ಮನೆಗಳಿಗೂ ಬಹಳ ವರ್ಷದ ಬಳಕೆ. ಆ ಮನೆಯಿಂದ ಈ ಮನೆಗೆ ಒಬ್ಬಟ್ಟೋ ಅವರೆಕಾಳಿನ ಸಾರೋ ಬಂದರೆ, ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸುವಂತಿರಲಿಲ್ಲ. ತುಂಬಿ ಕಳಿಸಲು ಏನಾದರೂ ಆಗುವ ತನಕ ಪಾತ್ರೆ ಇಲ್ಲಿಯೇ ಉಳಿಯುತ್ತಿತ್ತು. ಅಲ್ಲಿಯೂ ಹಾಗೆಯೇ. ಹೀಗೆ ಗುಲ್ಜಾರ್ ಬೀಯ ಅಡುಗೆಮನೆಯಲ್ಲಿ ದಾಸಮ್ಮನ ಹೆಸರು ಕೊರೆಸಿದ ಪಾತ್ರೆಗಳು ಯಾವಾಗಲೂ ಎರಡು ಮೂರು ಇರುತ್ತಿದ್ದವು.

ಗಂಗಹನುಮಯ್ಯ ಅವರೆಕಾಯಿ ಚೀಲ ಇಳಿಸಿ ಜಗಲಿಯ ಮೇಲೆ ಕೂತ. "ಕುಂತ್ಕಳ್ಳಾ ಒಸಿ," ಎಂದ ಅಸದುಲ್ಲಾನಿಗೆ.

"ನೀ ಕುಂತ್ಕ ಗಂಗಣ್ಣ. ನಾ ಹಿಂಗೇ ಇದೀನಿ."

"ನೋಡವ್ವ, ಇದೇ ಕತೆ ಅಲ್ಲೂವೆ," ಎಂದು ಗಂಗಹನುಮಯ್ಯ ಗುಲ್ಜಾರ್ ಬೀಯ ಕಡೆ ತಿರುಗಿದ. "ಗಾಡಿ ಓಡ್ತಾ ಇರ್ತದೆ, ಇವ್ನು ಸೀಟ್ ಬುಟ್ಟು ಎದ್ದೋಯ್ತನೆ. ಎಂಜಿನ್ ಪಕ್ಕದಾಗೆ ಓಡಾಡೋ ಹಲಗೆ ಮೇಲೆ ಆ ಕಡೆಯಿಂದ ಈ ಕಡೆಗೆ ತಿರುಗ್ತನೆ. ನಾನಾದ್ರೆ ಸುಮ್ಕಿರ್ತೀನಿ. ಇನ್‌ಸ್ಪೆಕ್ಟ್ರು ಎರಡು ಕಿತ ನಮ್ ಜೊತೆ ಹತ್ತಿದ್ರು, ಎರಡು ಕಿತಾನೂ ನೋಡವ್ರೆ. ಇನ್ನೊಂದು ಸಲ ಏನಾರ ಆದ್ರೆ ಎಂಜಿನ್‌ನಿಂದ ಇಳ್ಸಿ ಹಳಿ ರಿಪೇರಿ ಗ್ಯಾಂಗಿಗೆ ಹಾಕ್ತೀನಿ ಅಂದವ್ರೆ. ಗ್ಯಾಂಗಿಗೆ ಹಾಕುದ್ರೆ ಅರಸೀಕೆರೆ ಕಡೆಗೆ. ಈ ಕ್ವಾರ್ಟರ್ಸ್ ಎಂಜಿನ್‌ನೋರ್ದು, ಬಿಡಬೇಕಾಯ್ತದೆ."

ಅವರೆಕಾಯಿ ಸುಲಿಯತೊಡಗಿದ್ದ ಗುಲ್ಜಾರ್ ಬೀಯ ಕೈ ನಿಂತಿತು.

"ನನ್ ಹತ್ರ ಹೇಳ್ಲೇ ಇಲ್ವಲ್ಲ," ಎಂದಳು ಗಂಡನಿಗೆ.

"ಹೇಳಿ ಏನ್ಮಾಡ್ಲಿ. ಕಾಲು ಕೇಳಲ್ಲ ಕಣೆ. ಎಂಜಿನ್ ಶಬ್ದ ಬಂದ್ರೆ ಕಾಲು ತಾನೇ ಏಳ್ತದೆ. ಅದೇನು ನಾನು ಎಬ್ಬುಸ್ತೀನಾ?"

"ಸಫೂರಾ ಪರೀಕ್ಷೆ ಮುಗೀಬೇಕು. ಇವ್ಳಿಗೆ ಐದನೇ ತಿಂಗಳು," ಎಂದು ಗುಲ್ಜಾರ್ ಬೀ ಸೊಸೆಯತ್ತ ಕೈ ತೋರಿದಳು. "ಈ ಮನೆ ಹೋದ್ರೆ ಎಲ್ಲಿ ಹೋಗಾನ? ನಿಮ್ ಕಾಲನ್ನೇ ಕೇಳಿ ಹೇಳಿ."

ಅಂದಿನಿಂದ ಮನೆಯಲ್ಲಿ ಅವನಿಗೆ ಕೂರುವ ಪಾಠ ಶುರುವಾಯಿತು. ಸಫೂರಾ ಅಡುಗೆಮನೆಯ ಬಾಗಿಲಲ್ಲಿ ಒಂದು ಸ್ಟೂಲು ಹಾಕಿದಳು. ಅಡುಗೆ ಇಳಿಯುವ ತನಕ ಅದರ ಮೇಲೆ ಕೂತಿದ್ದರೆ ಮಾತ್ರ ಊಟ ಎಂದು ಗುಲ್ಜಾರ್ ಬೀ ನಿಯಮ ಮಾಡಿದಳು. ಅಸದುಲ್ಲಾ ಕೂರುತ್ತಿದ್ದ. ಅವನ ಮಂಡಿ ಒಂದೇ ಸಮನೆ ಕುಣಿಯುತ್ತಿತ್ತು. ಒಗ್ಗರಣೆ ಚಟಗುಟ್ಟಿದರೆ ಸಾಕು, ಅರ್ಧ ಎದ್ದುಬಿಡುತ್ತಿದ್ದ.

"ಅಬ್ಬಾ, ಇನ್ನೂ ರಾಮನಗರ ಬಂದಿಲ್ಲ. ಕುಂತ್ಕಳಿ," ಎನ್ನುತ್ತಿದ್ದಳು ಸಫೂರಾ.

"ಎಲ್ಲಿಗೆ ಬಂದಿದೀವಿ ಈಗ?"

"ಈರುಳ್ಳಿ ಬೇಯ್ತಾ ಐತೆ."

ಮುಬಶ್ಶಿರಾ ತವರಿನಿಂದ ಸಿಕ್ಕುಬಿದ್ದ ರೇಷ್ಮೆಯ ಒಂದು ಗಂಟು ತಂದು ಮಾವನ ಕೈಗಿತ್ತಳು; ಎಳೆ ಬಿಡಿಸಿ ಕೊಟ್ಟರೆ ಅಣ್ಣ ಕಾಸು ಕೊಡುತ್ತಾನೆಂದಳು. ಅದು ಸ್ವಲ್ಪ ನಾಟಿತು. ಕೈ ಓಡುತ್ತಿದ್ದರೆ ಮಂಡಿ ನಿಲ್ಲುತ್ತಿತ್ತು. ಆ ತಿಂಗಳ ಕೊನೆಯ ಹೊತ್ತಿಗೆ ಅಡುಗೆ ಮುಗಿಯುವವರೆಗೂ ಕೂರುವಷ್ಟಾಯಿತು. ಇನ್‌ಸ್ಪೆಕ್ಟರ್ ಮತ್ತೊಮ್ಮೆ ಎಂಜಿನ್ ಹತ್ತಿದಾಗ ಅಸದುಲ್ಲಾ ಸೀಟು ಬಿಡಲೇ ಇಲ್ಲವೆಂಬ ಸುದ್ದಿಯನ್ನು ಗಂಗಹನುಮಯ್ಯ ತಂದ. ಆ ದಿನ ಗುಲ್ಜಾರ್ ಬೀ ವಾರದ ಲೆಕ್ಕ ನೋಡದೆ ಮಾಂಸ ತರಿಸಿದಳು.

ಕೆಟ್ಟದ್ದು ಊಟದ ಡಬ್ಬಿಯಿಂದ.

ಕಲ್ಲಿದ್ದಲಿನ ಎಂಜಿನ್‌ನಲ್ಲಿ ಬೆಂಕಿಬಾಗಿಲ ಮೇಲೆ ಒಂದು ಕಬ್ಬಿಣದ ಅಂಚು ಇರುತ್ತಿತ್ತು. ಡ್ರೈವರೂ ಫೈರ್‌ಮನ್ನೂ ಹತ್ತಿದ ಕೂಡಲೇ ಡಬ್ಬಿಗಳನ್ನು ಅದರ ಮೇಲಿಡುವುದು ರೂಢಿ. ಬೆಂಗಳೂರು ಮುಟ್ಟುವ ಹೊತ್ತಿಗೆ ಮುದ್ದೆ ಆಗತಾನೆ ಕಟ್ಟಿದಂತೆ ಇರುತ್ತಿತ್ತು. ಡೀಸೆಲ್ ಎಂಜಿನ್‌ನಲ್ಲಿ ಅಂಥ ಅಂಚಿಲ್ಲ. ತಣ್ಣಗಾಗಿ ಕಲ್ಲಿನಂತಾದ ಮುದ್ದೆಯನ್ನು ಇಬ್ಬರೂ ಎರಡು ತಿಂಗಳು ನುಂಗಿದರು. ಕೊನೆಗೆ ಅಸದುಲ್ಲಾ ಒಂದು ಜಾಗ ಕಂಡುಕೊಂಡ. ಎಂಜಿನ್‌ನ ಪಕ್ಕದ ಬಾಗಿಲು ತೆರೆದರೆ ಒಳಗೆ ಹೊಗೆ ಹೋಗುವ ದಪ್ಪ ಕೊಳವೆ, ಅದರ ಬಳಿ ಚೀಲ ನೇತುಹಾಕುವಷ್ಟು ಎಡೆ. ಒಂದು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ತನ್ನ ಡಬ್ಬಿಯನ್ನು ಅಲ್ಲಿ ತೂಗುಹಾಕಿದ.

"ನಂದೂ ಇಕ್ಕು," ಎಂದು ಗಂಗಹನುಮಯ್ಯ ತನ್ನದನ್ನೂ ಕೊಟ್ಟ. ಇದನ್ನು ದಾಸಮ್ಮನೇ ಒಪ್ಪುತ್ತಾರೆ.

ರಾಮನಗರ ದಾಟಿ, ಬಿಡದಿಗೆ ಮುಂಚೆ, ಬಂಡೆಗಳ ನಡುವೆ ಎಂಜಿನ್‌ನಿಂದ ಕಪ್ಪು ಹೊಗೆ ಎದ್ದಿತು. ಡಬ್ಬಿಯೊಂದರ ಮುಚ್ಚಳ ಬಿಸಿಗೆ ಸಿಡಿದು, ಸಾರಿನ ಎಣ್ಣೆ ಕೊಳವೆಯ ಮೇಲೆ ಸುರಿದು, ಬಟ್ಟೆಯ ಚೀಲ ಹೊತ್ತಿಕೊಂಡಿತ್ತು. ಗಂಗಹನುಮಯ್ಯ ಗಾಡಿ ನಿಲ್ಲಿಸಿದ. ಇಬ್ಬರೂ ಮರಳು ಎರಚಿ ಆರಿಸಿದರು. ಎಂಜಿನ್‌ಗೆ ಏನೂ ಆಗಲಿಲ್ಲ; ಆದರೆ ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಜನ ಹೊಗೆ ಕಂಡು ಹಳಿಯ ಮೇಲೆ ಧುಮುಕಿದ್ದರು. ಮುಚ್ಚಿಡುವ ಮಾತೇ ಇರಲಿಲ್ಲ.

ಮೂರನೆಯ ದಿನ ಇನ್‌ಸ್ಪೆಕ್ಟರ್ ಕ್ವಾರ್ಟರ್ಸಿಗೆ ಬಂದರು. ಅಸದುಲ್ಲಾ ಮನೆಯಲ್ಲಿರಲಿಲ್ಲ, ಕಚೇರಿಯಲ್ಲಿ ಹೇಳಿಕೆ ಕೊಟ್ಟು ಇನ್ನೂ ಮರಳಿರಲಿಲ್ಲ. ಅವರ ಕೈಯಲ್ಲಿ ಮಸಿ ಹಿಡಿದ ಒಂದು ಡಬ್ಬಿ.

"ಎರಡು ಡಬ್ಬಿ ಸಿಕ್ಕಿವೆ ಅಮ್ಮಾ. ಒಂದು ನಿಮ್ಮ ಯಜಮಾನರದ್ದೇ. ಇದರ ಮೇಲೆ ದಾಸಮ್ಮ ಅಂತ ಕೊರೆದಿದೆ. ಇದು ನಿಮ್ಮ ಮನೇದಾ?"

ಬಾಗಿಲ ಹಿಂದಿದ್ದ ಮುಬಶ್ಶಿರಾ ಅತ್ತೆಯ ಮುಖ ನೋಡಿದಳು. ಅದು ಈ ಮನೆಯದಲ್ಲ, ಗಂಗಹನುಮಯ್ಯ ದಿನಾ ಒಯ್ಯುವ ಡಬ್ಬಿ ಎಂದು ಇಬ್ಬರಿಗೂ ಗೊತ್ತಿತ್ತು.

"ನಮ್ಮನೇದೇ ಸಾಮಿ," ಎಂದಳು ಗುಲ್ಜಾರ್ ಬೀ. "ಅವ್ರು ಹಬ್ಬಕ್ಕೆ ಒಬ್ಬಟ್ಟು ಹಾಕಿ ಕಳ್ಸಿದ್ದು, ಇಲ್ಲೇ ಉಳೀತು. ಒಳಕ್ಕೆ ಬಂದು ನೋಡಿ, ಅದೇ ಹೆಸರಿಂದು ಇನ್ನೂ ಮೂರು ಅವೆ."

"ಒಬ್ಬರೇ ಎರಡು ಡಬ್ಬಿ ಊಟ ಮಾಡ್ತಾರಾ?"

"ಅವ್ರು ಊಟ ಮಾಡೋದು ನೀವು ನೋಡಿಲ್ಲ."

ಇನ್‌ಸ್ಪೆಕ್ಟರ್ ಒಳಗೆ ಬಂದು ಪಾತ್ರೆಗಳನ್ನು ನೋಡಿ, ತಲೆಯಾಡಿಸಿ ಹೋದರು. ಅವರು ಅತ್ತ ಹೋಗುತ್ತಲೇ ಮುಬಶ್ಶಿರಾ ಕೇಳಿದಳು: "ಅಮ್ಮೀ, ಯಾಕಂಗಂದ್ರಿ?"

"ಗಂಗಣ್ಣ ಡ್ರೈವರು. ಅವ್ರ ಮಾತು ನಡೀತದೆ. ಅವ್ರ ಮೇಲೆ ಏನೂ ಇಲ್ದಿದ್ರೆ ತಾನೆ ನಮ್ಮೋರ ಪರವಾಗಿ ಮಾತಾಡಾಕಾಗೋದು. ಇಬ್ರೂ ಬಿದ್ರೆ ಎತ್ತೋರ್ಯಾರು?"

ಆ ಲೆಕ್ಕ ತಪ್ಪಿತು. ಗಂಗಹನುಮಯ್ಯ ಮಾತಾಡಿದ, ಬೇಡಿಕೊಂಡ, ಕೇಳುವವರಿರಲಿಲ್ಲ. ತಪ್ಪು ಒಬ್ಬನದೇ ಎಂದು ಆಗಿಹೋದ ಮೇಲೆ ಶಿಕ್ಷೆಯೂ ಒಬ್ಬನಿಗೇ ಪೂರ್ತಿಯಾಗಿ ಬಂತು. ಅಸದುಲ್ಲಾನನ್ನು ಎಂಜಿನ್‌ನಿಂದ ಇಳಿಸಿ ಅರಸೀಕೆರೆ ಕಡೆಯ ಗ್ಯಾಂಗಿಗೆ ಕೀಮನ್ ಆಗಿ ಹಾಕಿದರು. ದಿನವೂ ಹಳಿಯ ಮೇಲೆ ನಡೆದು, ಸಡಿಲಾದ ಕೀಲುಗಳನ್ನು ಸುತ್ತಿಗೆಯಿಂದ ಬಿಗಿಮಾಡುವ ಕೆಲಸ. ಸಂಬಳ ಇಳಿಯಿತು. ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕಾಯಿತು.

ಪಾತ್ರೆ ಕಟ್ಟುತ್ತಿದ್ದ ದಿನ ದಾಸಮ್ಮ ಬಂದಳು. ತಲೆಯ ಮೇಲೆ ರಾಗಿ, ಕಂಕುಳಲ್ಲಿ ಕೋಳಿ. ಬಾಗಿಲಲ್ಲೇ ಕೂತು ಅತ್ತಳು.

"ನಿನ್ ಗಂಡ ನಮ್ಮನೆ ಉಳ್ಸುದ ಕಣವ್ವ. ನಮ್ಮೋರು ಬಾಯಿ ಬಿಡೋ ಮುಂಚೇನೆ, ಎರಡು ಡಬ್ಬೀನೂ ನಂದೇ ಸಾ, ಡ್ರೈವರಿಗೆ ಗೊತ್ತೇ ಇಲ್ಲ ಅಂತ ಹೇಳಿ ಹೆಬ್ಬೆಟ್ಟು ಒತ್ತಿದ್ನಂತೆ. ಪಿಂಚಣಿಗೆ ನಾಕೇ ತಿಂಗಳಿತ್ತು. ಏನಾರ ಆಗಿದ್ರೆ ಹೋಯ್ತಿತ್ತು."

ಗುಲ್ಜಾರ್ ಬೀ ಅವಳನ್ನು ಸಮಾಧಾನ ಮಾಡಿ, ಟೀ ಕೊಟ್ಟು, ಉಳಿದ ಪಾತ್ರೆಗಳಿಗೆಲ್ಲ ಏನೇನೋ ತುಂಬಿ ಕಳಿಸಿದಳು. ಆಮೇಲೆ ಹಿತ್ತಲಿಗೆ ಹೋದಳು. ಅಸದುಲ್ಲಾ ಮಂಚ ಬಿಚ್ಚುತ್ತಿದ್ದ.

"ಇನ್‌ಸ್ಪೆಕ್ಟ್ರು ಇಲ್ಲಿಗೆ ಬರೋ ಮೊದ್ಲೇ ನೀವು ಹೇಳಿ ಆಗಿತ್ತಂತೆ."

"ಹೂಂ."

"ಗಂಗಣ್ಣನ ಪಿಂಚಣಿ ಉಳೀಲಿ ಅಂತ."

"ಹೂಂ."

"ಬರೀ ಅದ್ಕೇನಾ?"

ಅವನು ಮಂಚದ ಕಾಲು ಕಿತ್ತು ಗೋಡೆಗೆ ಒರಗಿಸಿದ. ಇನ್ನೊಂದಕ್ಕೆ ಕೈ ಹಾಕಿದ.

"ಕೇಳ್ತಾ ಇದೀನಿ. ಬರೀ ಅದ್ಕೇನಾ?"

"ಗಂಗಣ್ಣನೂ ಅವ್ನೆ ಅದ್ರಲ್ಲಿ. ಸೀಟೂ ಐತೆ."

"ನಾನು ನಿಮ್ಮನ್ನ ಆ ಸೀಟಲ್ಲಿ ಉಳಿಸ್ಕಳಾಕೆ ಸುಳ್ಳು ಹೇಳ್ದೆ. ನೀವು ಅದ್ರಿಂದ ಇಳಿಯಾಕೆ ಅದೇ ಸುಳ್ಳು ಹೇಳಿದ್ರಿ." ಅವಳ ದನಿ ಏರಲಿಲ್ಲ. "ಗಂಗಣ್ಣ ಅವ್ರೆ, ಸೀಟು ಐತೆ. ಇದ್ರಲ್ಲಿ ನಾನೆಲ್ಲಿದೀನಿ? ಈ ಮನೆ ಎಲ್ಲೈತೆ?"

"ಕೂರೋದ ಕಲ್ತಿದ್ನಲ್ಲ ಗುಲ್ಜಾರ್," ಎಂದ ಅಸದುಲ್ಲಾ. "ಕಲ್ತ ಮೇಲೇ ಗೊತ್ತಾಗಿದ್ದು, ರಿಟೈರಾಗೋ ತಂಕ ಇನ್ನು ಆರು ವರ್ಷ ಹಿಂಗೇ ಅಂತ."

ಇಲ್ಲಿ ಹೇಳುವವರ ಮಾತು ಕೂಡುವುದಿಲ್ಲ. ಅವನು ಅಂಥದ್ದೇನೂ ಆಡಲಿಲ್ಲ, ಗೆಳೆತನಕ್ಕಾಗಿಯೇ ಹೊತ್ತುಕೊಂಡ ಎಂದು ದಾಸಮ್ಮ ಪಟ್ಟು ಹಿಡಿಯುತ್ತಾರೆ. ಮುಬಶ್ಶಿರಾ ಅಂದು ಹಿತ್ತಲ ಬಾಗಿಲಲ್ಲಿದ್ದರು. ತಾವು ಕಿವಿಯಾರೆ ಕೇಳಿದ್ದೆನ್ನುತ್ತಾರೆ.

ಗುಲ್ಜಾರ್ ಬೀ ಅವನೊಂದಿಗೆ ಮಾತು ಬಿಟ್ಟಳು. ಅರಸೀಕೆರೆಗೆ ಬರುವುದಿಲ್ಲವೆಂದು ಸಫೂರಾಳ ಬಾಯಲ್ಲಿ ಹೇಳಿಸಿದಳು. ಶಾಹಬಾಜ್‌ನ ನೂಲಿನ ಮನೆಯ ಹಿಂದೆ, ರಾಮನಗರದಲ್ಲಿ, ಎರಡು ಕೋಣೆ ಬಾಡಿಗೆಗೆ ಹಿಡಿದಳು. ಗೂಡು ಬೇಯಿಸುವ ಒಲೆ ನೋಡಿಕೊಳ್ಳುವ ಕೆಲಸಕ್ಕೆ ತಾನೇ ಸೇರಿದಳು. ನಿಯಾಜ್ ಕೂಗಾಡಿದ.

"ನನ್ ಹೆಂಡ್ತಿ ಅಣ್ಣನ ಒಲೆಗೆ ಅಮ್ಮಿ ಸೌದೆ ಹಾಕೋದಾ? ಜನ ಏನಂತಾರೆ?"

"ಇಷ್ಟು ವರ್ಷ ಅವ್ನ ಒಲೆಗೆ ಇದ್ದಿಲು ಹಾಕ್ದೋಳು ಯಾರು?" ಎಂದಳು ಗುಲ್ಜಾರ್ ಬೀ. "ಆಗ ಜನ ಏನಂದ್ರು?"

"ಆಗ ನೀನು ಮಾರ್ತಿದ್ದೆ. ಈಗ ಕೂಲಿ."

"ಹಂಗಾದ್ರೆ ನೀನು ಬಾಡಿಗೆ ಕಟ್ಟು. ನಾನು ಮನೇಲಿ ಕುಂತಿರ್ತೀನಿ."

ನಿಯಾಜ್ ಆಮೇಲೆ ಆ ಮಾತೆತ್ತಲಿಲ್ಲ. ದಿನವೂ ಬೆಳಿಗ್ಗೆ ಚನ್ನಪಟ್ಟಣದ ಕಾರ್ಖಾನೆಗೆ ರೈಲಿನಲ್ಲಿ ಹೋಗಿಬರತೊಡಗಿದ.

ಒಂದೂವರೆ ತಿಂಗಳ ಬಳಿಕ, ರಜೆ ಸಿಕ್ಕಿದ ಒಂದು ಮಧ್ಯಾಹ್ನ ಅಸದುಲ್ಲಾ ರಾಮನಗರಕ್ಕೆ ಬಂದ. ಬಿಸಿಲಿಗೆ ಕಪ್ಪಾಗಿದ್ದ, ಕೆನ್ನೆ ಇಳಿದಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರೂ ಹೇಳದೆಯೇ ಗೋಡೆಗೆ ಬೆನ್ನು ಕೊಟ್ಟು ಕೂತ. ಮುಬಶ್ಶಿರಾ ಏಳಲಾರದಷ್ಟು ದಿನ ತುಂಬಿದ್ದಳು. ಬಡಿಸಿದ್ದು ಗುಲ್ಜಾರ್ ಬೀ. ಅವಳ ಮುಂಗೈಯಲ್ಲಿ, ಸೆರಗಿನಲ್ಲಿ ಒಲೆಯ ಮಸಿ ಇತ್ತು.

"ದಿನಾ ಎಷ್ಟು ದೂರ ನಡೀತೀರಿ ಅಬ್ಬಾ?" ಎಂದು ಸಫೂರಾ ಕೇಳಿದಳು.

"ನಮ್ಮ ಪಾಲಿನ ಹಳಿ ಮುಗಿಯೋ ತಂಕ. ಆಮೇಲೆ ವಾಪಸ್ಸು."

"ಡೀಸೆಲ್ ಹೋಯ್ತದಾ ಅಲ್ಲಿ?"

"ಹೋಯ್ತದೆ. ಪಕ್ಕಕ್ಕೆ ನಿಂತು ಬಿಡ್ತೀನಿ."

ಅರ್ಧ ಊಟವಾಗುತ್ತಲೇ ಅವನ ಕೈ ನಿಧಾನವಾಯಿತು. ತುತ್ತು ತಟ್ಟೆಯಲ್ಲೇ ಉಳಿಯಿತು. ತಲೆ ಗೋಡೆಗೆ ಒರಗಿ, ಕಾಲುಗಳು ತಾವಾಗಿಯೇ ಚಾಚಿಕೊಂಡವು. ಮಂಡಿಗಳು ಮಿಸುಕಲಿಲ್ಲ. ಕೈ ತೊಳೆಯದೆ, ಕೂತಲ್ಲೇ ನಿದ್ದೆ ಹೋಗಿದ್ದ.

ಸಫೂರಾ ಅವನ ಭುಜಕ್ಕೆ ಕೈ ಚಾಚಿದಳು. "ಎಬ್ಬುಸ್ಲಾ ಅಮ್ಮೀ?"

"ಬುಡು. ಕುಂತವ್ರೆ," ಎಂದಳು ಗುಲ್ಜಾರ್ ಬೀ.

ಆಚೆಯಿಂದ ಶಾಹಬಾಜ್ ಕೂಗಿದ; ಗೂಡಿನ ಮುಂದಿನ ಪಾಳಿಗೆ ನೀರು ಕಾಯಬೇಕಿತ್ತು. ಅವಳು ಸೆರಗು ಬಿಗಿದು, ದಾರಿಗಡ್ಡವಾಗಿ ಚಾಚಿದ್ದ ಆ ಕಾಲುಗಳನ್ನು ದಾಟಿಕೊಂಡು ಒಲೆಯ ಕಡೆಗೆ ಹೋದಳು.